ಪುಟಾಣಿ ರೈಲು ನೋಡಲು ಹ್ಯಾಂಬರ್ಗೋ, ನ್ಯೂಜೆರ್ಸಿಯೋ?

ಆಟಿಕೆಯಂಥ ಪುಟ್ಟ ಮಾದರಿ ರೈಲುಗಳ ಎರಡು ದೊಡ್ಡ ಪ್ರದರ್ಶನಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಜರ್ಮನಿಯ ಹ್ಯಾಂಬರ್ಗ್‌ನ ಮಿನಿಯಾಟೂರ್ ವುಂಡರ್‌ಲಾಂಡ್‌ಗೆ. ಹಳೇ ಗೋದಾಮು ಕಟ್ಟಡದಲ್ಲಿ ಅವಳಿ ಸಹೋದರರಾದ ಫ್ರೆಡರಿಕ್ ಮತ್ತು ಗೆರಿಟ್ ಬ್ರೌನ್ 2001ರಲ್ಲಿ ಇದನ್ನು ತೆರೆದರು. ಅಲ್ಲಿ ರೈಲು ಮಾತ್ರ ಅಲ್ಲ, ಇಡೀ ಊರೇ ಓಡಾಡುತ್ತದೆ. ರಸ್ತೆಯಡಿಯ ತಂತಿಯ ಜಾಡು ಹಿಡಿದು ಕಾರು, ಲಾರಿಗಳು ತಾವೇ ತಿರುಗುತ್ತವೆ. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನಗಳು ಸಾಲಾಗಿ ಹೊರಡುತ್ತವೆ. 2011ರಲ್ಲಿ ಸೇರಿದ ವಿಮಾನ ನಿಲ್ದಾಣದಲ್ಲಿ ವಿಮಾನ ನಿಜವಾಗಿಯೂ ಮೇಲೇರಿ, ಗೋಡೆಯ ಹಿಂದೆ ಮರೆಯಾಗುತ್ತದೆ! ಸುಮಾರು ಕಾಲು ಗಂಟೆಗೊಮ್ಮೆ ಹಗಲು ಹೋಗಿ ರಾತ್ರಿಯಾಗುತ್ತದೆ, ದೀಪಗಳೆಲ್ಲ ಹತ್ತಿಕೊಳ್ಳುತ್ತವೆ. ಮಕ್ಕಳಿಗೆ ಒತ್ತಲು ಗುಂಡಿಗಳೂ ಉಂಟು. ಜನಜಂಗುಳಿ ಮಾತ್ರ ಜಾಸ್ತಿ. ಟಿಕೆಟ್ ಮುಂಚೆಯೇ ತೆಗೆದುಕೊಂಡು ಬಿಡಿ.

ಅಮೆರಿಕದ ನೆಂಟರ ಮನೆಗೆ ಹೋಗುವವರಿಗೆ ನ್ಯೂಜೆರ್ಸಿಯ ಫ್ಲೆಮಿಂಗ್ಟನ್‌ನ ನಾರ್ತ್‌ಲ್ಯಾಂಡ್ಜ್ ಅನುಕೂಲ. ಬ್ರೂಸ್ ವಿಲಿಯಮ್ಸ್ ಜಕನೀನೋ ಮನೆಯ ನೆಲಮಾಳಿಗೆಯಲ್ಲಿ ಶುರು ಮಾಡಿದ ಹವ್ಯಾಸ 1996ರಲ್ಲಿ ಇಷ್ಟು ದೊಡ್ಡದಾಗಿ ಜನರಿಗೆ ತೆರೆದುಕೊಂಡಿತು. ಇಲ್ಲಿ ಹ್ಯಾಂಬರ್ಗ್‌ನಷ್ಟು ಕಂಪ್ಯೂಟರ್ ಚಮತ್ಕಾರ ಇಲ್ಲ. ಆದರೆ ಆಳೆತ್ತರ ಮೀರಿದ ಬೆಟ್ಟಗಳು, ಕಣಿವೆ ದಾಟುವ ಉದ್ದುದ್ದ ಸೇತುವೆಗಳು ಇವೆ. ಒಬ್ಬ ಮನುಷ್ಯನ ಕನಸು ಇಷ್ಟು ದೂರ ಬಂತಲ್ಲ ಎಂದು ಮನಸ್ಸು ತುಂಬುತ್ತದೆ. ಸಣ್ಣ ಮಕ್ಕಳಿದ್ದರೆ ಹ್ಯಾಂಬರ್ಗ್. ಸೇತುವೆ, ಬೆಟ್ಟ, ಹಳಿಗಳ ಹುಚ್ಚಿದ್ದರೆ ನಾರ್ತ್‌ಲ್ಯಾಂಡ್ಜ್ ನೋಡಲೇಬೇಕು.