ಎಲ್‌ಎಕ್ಸ್‌ಎಂಎಲ್: ಮೂಲ ಟ್ರೀ ಕೆಡದಂತೆ ನೋಡ್ ಕಾಪಿ ಮಾಡಲು ಎಷ್ಟು ಒಳ್ಳೆಯದು?

ರೇಟಿಂಗ್: 5ಕ್ಕೆ 4.5

ಪೈಥಾನ್‌ನಲ್ಲಿ ಎಕ್ಸ್‌ಎಂಎಲ್ ಕೆಲಸಕ್ಕೆ ವರ್ಷಗಳಿಂದ ಬಳಸುತ್ತಿರುವ ಲೈಬ್ರರಿ ಇದು. ಒಳಗೆ ದುಡಿಯುವುದು ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2, ಹಾಗಾಗಿ ವೇಗದ ಬಗ್ಗೆ ತಕರಾರಿಲ್ಲ. ಬೇಕಾದ ಭಾಗ ಹುಡುಕುವ ಭಾಷೆಯಾದ ಎಕ್ಸ್‌ಪಾತ್ 1.0 ಪೂರ್ತಿ ಸಿಗುತ್ತದೆ. ಫೈಲ್‌ನ ಟ್ಯಾಗ್‌ಗಳು ಒಂದರೊಳಗೊಂದು ಕೂತ ಮರದಂಥ ರಚನೆಯೇ ಟ್ರೀ, ಅದರ ಒಂದೊಂದು ಭಾಗ ನೋಡ್. ಹೊಸಬರು ಎಡವುವುದು ಒಂದು ಟ್ರೀಯ ನೋಡ್ ಎತ್ತಿ ಇನ್ನೊಂದಕ್ಕೆ ಹಾಕುವಾಗ, ಆದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತೇನೆ.

ಇಲ್ಲಿ ಒಂದು ನೋಡ್‌ಗೆ ಒಂದೇ ಪೇರೆಂಟ್, ಅಂದರೆ ಅದನ್ನು ಹೊತ್ತ ಮೇಲಿನ ನೋಡ್. ಇನ್ನೊಂದು ಪೇರೆಂಟ್‌ನ ಕೊನೆಗೆ ಸೇರಿಸಿದ (ಅಪೆಂಡ್) ಕೂಡಲೇ ನೋಡ್ ಹಳೇ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋಗುತ್ತದೆ. ಮೂಲದಲ್ಲಿ ಅದು ಇರುವುದಿಲ್ಲ. ಒಂದು ಮಾದರಿ ನೋಡ್ ಇಟ್ಟುಕೊಂಡು ಲೂಪ್‌ನಲ್ಲಿ ಬೆಲೆ ಬದಲಿಸುತ್ತಾ ನೂರು ಸಲ ಅಪೆಂಡ್ ಮಾಡಿ ನೋಡಿ: ಕೊನೆಗೆ ಸಿಗುವುದು ಒಂದೇ ಸಾಲು. ಪೈಥಾನ್‌ನ ಜೊತೆಗೇ ಬರುವ ಎಲಿಮೆಂಟ್‌ಟ್ರೀಯಲ್ಲಿ ಇದೇ ಕೋಡ್ ನೂರು ಸಾಲು ಕೊಡುತ್ತದೆ, ಆದರೆ ನೂರರಲ್ಲೂ ಕೊನೆಯ ಬೆಲೆಯೇ. ಅಲ್ಲಿ ನೂರೂ ಒಂದೇ ಆಬ್ಜೆಕ್ಟ್‌ನ ರೆಫರೆನ್ಸ್. ಎರಡಕ್ಕೂ ಮದ್ದು ಒಂದೇ: ಕಾಪಿ ಮಾಡ್ಯೂಲ್‌ನ ಡೀಪ್‌ಕಾಪಿ (ಒಳಗಿನ ನೋಡ್‌ಗಳು, ಅಂದರೆ ಮಕ್ಕಳ ಸಮೇತ ಪೂರ್ತಿ ನಕಲು), ಅದೂ ಲೂಪ್‌ನ ಒಳಗೆ, ಬೆಲೆ ಬದಲಿಸುವ ಮೊದಲು.

ಬರೀ ಕಾಪಿ ಫಂಕ್ಷನ್ ನಂಬಬೇಡಿ. ಎಲ್‌ಎಕ್ಸ್‌ಎಂಎಲ್‌ನಲ್ಲಿ ಅದು ಮಕ್ಕಳನ್ನೂ ಸೇರಿಸಿ ಪೂರ್ತಿ ನಕಲು ಮಾಡುತ್ತದೆ. ಎಲಿಮೆಂಟ್‌ಟ್ರೀಯಲ್ಲಿ ಮೇಲಿನ ನೋಡ್ ಮಾತ್ರ ಹೊಸದು, ಮಕ್ಕಳು ಮೂಲದವೇ. ನಾಳೆ ಲೈಬ್ರರಿ ಬದಲಾದರೂ ಡೀಪ್‌ಕಾಪಿ ಎಂದು ಬರೆದದ್ದು ಕೈಕೊಡುವುದಿಲ್ಲ.

ಇನ್ನು ಟೇಲ್, ಅಂದರೆ ಒಂದು ನೋಡ್ ಮುಗಿದ ಕೂಡಲೇ ಬರುವ ಪಠ್ಯ. <ಸಾಲು>ಬೆಲೆ <ಅಂಕಿ>40</ಅಂಕಿ> ರೂಪಾಯಿ.</ಸಾಲು> ಎಂಬಲ್ಲಿ ‘ರೂಪಾಯಿ.’ ಎನ್ನುವುದು ಅಂಕಿಯ ಟೇಲ್. ಅಂಕಿಯನ್ನು ಡೀಪ್‌ಕಾಪಿ ಮಾಡಿದರೆ ಅದೂ ಹಿಂದೆಯೇ ಬರುತ್ತದೆ. ಬೇಡವಾದರೆ ನಕಲಿನ ಟೇಲ್‌ಗೆ None (ಪೈಥಾನ್‌ನ ‘ಏನೂ ಇಲ್ಲ’) ಕೊಡಿ. ಮೂಲಕ್ಕೆ ಏನೂ ಆಗುವುದಿಲ್ಲ. ನೋಡ್‌ಗಳ ನಡುವಿನ ಹೊಸ ಸಾಲು, ಖಾಲಿ ಜಾಗ ಕೂಡ ಟೇಲೇ. ಔಟ್‌ಪುಟ್‌ನ ಇಂಡೆಂಟ್ ಅಡ್ಡಾದಿಡ್ಡಿ ಕಂಡರೆ ಮೊದಲು ಇದನ್ನೇ ನೋಡಿ.

ಅರ್ಧ ಅಂಕ ಕಳೆದದ್ದು ನೇಮ್‌ಸ್ಪೇಸ್‌ಗೆ, ಅಂದರೆ ಒಂದೇ ಹೆಸರುಗಳು ಗೊಂದಲವಾಗದಂತೆ ಗುಂಪು ಮಾಡುವ ವ್ಯವಸ್ಥೆಗೆ; ಹೆಸರಿನ ಮುಂದೆ ಬರುವ ಅದರ ಚಿಕ್ಕ ಗುರುತು ಪ್ರಿಫಿಕ್ಸ್. ಟ್ಯಾಗ್ ಮತ್ತು ಆಟ್ರಿಬ್ಯೂಟ್ ಹೆಸರುಗಳಲ್ಲಿ ಬಳಕೆಯಾದ ಪ್ರಿಫಿಕ್ಸ್ ನಕಲಿನಲ್ಲೂ ಸರಿಯಾಗಿ ಡಿಕ್ಲೇರ್ ಆಗುತ್ತದೆ. ಆದರೆ ಎಕ್ಸ್‌ಎಸ್‌ಡಿ ಸ್ಕೀಮಾದಲ್ಲಿ (ಎಕ್ಸ್‌ಎಂಎಲ್ ಹೇಗಿರಬೇಕೆಂಬ ನಿಯಮಗಳ ಫೈಲ್) ಟೈಪ್ ಆಟ್ರಿಬ್ಯೂಟ್‌ನ ಮೌಲ್ಯವೇ ‘ಟಿಎನ್‌ಎಸ್:ವಿಳಾಸ’ ಎಂದಿರುತ್ತದೆ; ಲೈಬ್ರರಿಗೆ ಅದು ಬರೀ ಅಕ್ಷರ. ಮೇಲಿನ ಪೂರ್ವಜ ನೋಡ್‌ನಲ್ಲಿದ್ದ ಡಿಕ್ಲರೇಶನ್ ನಕಲಿಗೆ ಬರುವುದಿಲ್ಲ, ಎರರ್ ಕೂಡ ಬರುವುದಿಲ್ಲ, ಮುಂದೆ ಸ್ಕೀಮಾ ಲೋಡ್ ಮಾಡುವಾಗ ಗೊತ್ತಾಗುತ್ತದೆ. ಹೊಸ ರೂಟ್ ರಚಿಸುವಾಗಲೇ ಮೂಲ ನೋಡ್‌ನ ಎನ್‌ಎಸ್‌ಮ್ಯಾಪ್ (ಪ್ರಿಫಿಕ್ಸ್ ಮತ್ತು ನೇಮ್‌ಸ್ಪೇಸ್‌ಗಳ ಪಟ್ಟಿ) ಕೊಟ್ಟು, ಆಮೇಲೆ ನಕಲನ್ನು ಅಪೆಂಡ್ ಮಾಡಿ. ರಚಿಸಿದ ಮೇಲೆ ಎನ್‌ಎಸ್‌ಮ್ಯಾಪ್ ಬದಲಿಸಲು ಆಗದು. ಬಳಕೆಯಾಗದ ಡಿಕ್ಲರೇಶನ್ ತೆಗೆಯುವ ಕ್ಲೀನಪ್ ನೇಮ್‌ಸ್ಪೇಸಸ್ ಫಂಕ್ಷನ್ ಓಡಿಸಿದರೆ ಈ ಪ್ರಿಫಿಕ್ಸ್ ಮತ್ತೆ ಹೋಗುತ್ತದೆ. ಉಳಿಸಬೇಕಾದ ಪ್ರಿಫಿಕ್ಸ್‌ಗಳ ಪಟ್ಟಿಯನ್ನು ಅದಕ್ಕೆ ಕೊಡಬಹುದು.

ಅದೇ ಡಾಕ್ಯುಮೆಂಟ್‌ಗೆ ನಕಲು ಸೇರಿಸುವುದಾದರೆ ಐಡಿ ಆಟ್ರಿಬ್ಯೂಟ್ ಬದಲಿಸಿ, ಇಲ್ಲವಾದರೆ ಎರಡು ನೋಡ್‌ಗೆ ಒಂದೇ ಐಡಿಯಾಗಿ ವ್ಯಾಲಿಡೇಶನ್ ಕೆಡುತ್ತದೆ.

ತುಂಬ ಹಿಡಿಸಿದ ಗುಣವೊಂದಿದೆ. ಮೂಲದ ಒಂದು ನೋಡ್‌ನಿಂದ ಎರಡು ಸ್ಲ್ಯಾಶ್‌ನಿಂದ (//) ಶುರುವಾಗುವ ಎಕ್ಸ್‌ಪಾತ್ ಓಡಿಸಿದರೆ ಇಡೀ ಡಾಕ್ಯುಮೆಂಟ್ ಹುಡುಕುತ್ತದೆ. ಡೀಪ್‌ಕಾಪಿಯಲ್ಲಿ ಅದೇ ಎಕ್ಸ್‌ಪಾತ್ ಆ ತುಂಡಿನೊಳಗೇ ನಿಲ್ಲುತ್ತದೆ, ಏಕೆಂದರೆ ನಕಲು ಸ್ವತಂತ್ರ ಡಾಕ್ಯುಮೆಂಟ್. ಹಾಗೆಂದು ಬರೀ ಓದುವುದಕ್ಕೆ ಕಾಪಿ ಬೇಕಿಲ್ಲ: ಎಕ್ಸ್‌ಪಾತ್‌ನ ಮುಂದೆ ಒಂದು ಚುಕ್ಕಿ ಹಾಕಿದರೆ ಸಾಕು, ದೊಡ್ಡ ಫೈಲ್‌ನಲ್ಲಿ ಮೆಮೊರಿಯೂ ಉಳಿಯುತ್ತದೆ.