ಟಚ್‌ಡಿಸೈನರ್ ಔಟ್‌ಪುಟ್ ಎಐ ಕಣ್ಣಿಗೆ ಬಿಟ್ಟು ಎಂಟು ತಿಂಗಳು

ಎಂಟು ತಿಂಗಳಿಂದ ನನ್ನ ಟಚ್‌ಡಿಸೈನರ್ (ಚಲಿಸುವ ವಿಷುವಲ್ ಮಾಡುವ ಸಾಫ್ಟ್‌ವೇರ್) ಫೈಲುಗಳ ಔಟ್‌ಪುಟ್ಟನ್ನು ಒಂದು ಎಐ ಸಹಾಯಕಕ್ಕೆ ತೋರಿಸಿ ಚೆಕ್ ಮಾಡಿಸುತ್ತಿದ್ದೇನೆ. ಯಾವುದು ಅಂತ ಹೇಳಲ್ಲ, ತಿಂಗಳ ಚಂದಾ ಕಟ್ಟಿ ಬಳಸುವಂಥದ್ದು. ಮದುವೆ, ಕಾಲೇಜು ಫೆಸ್ಟ್, ಆರ್ಕೆಸ್ಟ್ರಾ ವೇದಿಕೆಗಳ ಹಿಂದೆ ಎಲ್‌ಇಡಿ ವಾಲ್ ಇರುತ್ತಲ್ಲ, ಅದರಲ್ಲಿ ಓಡುವ ವಿಷುವಲ್ ಮಾಡೋದು ನನ್ನ ಹೊಟ್ಟೆಪಾಡು.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಟಚ್‌ಡಿಸೈನರ್‌ನಲ್ಲಿ ಕೋಡ್ ಬರೆಯೋದು ಕಡಿಮೆ. ನಾಯ್ಸ್, ಲೆವೆಲ್, ಕಾಂಪೋಸಿಟ್ ಅಂತ ಚಿಕ್ಕ ಚಿಕ್ಕ ಡಬ್ಬಿಗಳು, ಅವುಗಳ ನಡುವೆ ವೈರು. ಆ ಡಬ್ಬಿಗೆ ನೋಡ್ ಅನ್ನುತ್ತಾರೆ. (ಕನ್ನಡದವರಿಗೆ ಇದಕ್ಕಿಂತ ಒಳ್ಳೆ ಹೆಸರು ಸಿಗಲ್ಲ ಬಿಡಿ, ದಿನವಿಡೀ ನೋಡೋದೇ ಕೆಲಸ.) ವೈರು ಎಲ್ಲಾ ಸರಿ ಇದ್ದೂ ಚಿತ್ರ ತಪ್ಪಾಗಿರಬಹುದು, ಎಲ್ಲೂ ಕೆಂಪು ಎರರ್ ಬರಲ್ಲ. ಅದಕ್ಕೇ ಇನ್ನೊಂದು ಜೊತೆ ಕಣ್ಣು ಬೇಕು ಅನ್ನಿಸಿದ್ದು.

ಜೋಡಣೆ ಕಷ್ಟ ಇಲ್ಲ. ಟಚ್‌ಡಿಸೈನರ್ ಒಳಗೇ ಪೈಥಾನ್ ಇದೆ, ಯಾವ ಟಾಪ್‌ನ (ಚಿತ್ರ ತಯಾರಿಸುವ ನೋಡ್‌ಗೆ ಇಲ್ಲಿನ ಹೆಸರು) ಚಿತ್ರವನ್ನಾದರೂ ಒಂದು ಸಾಲಿನಲ್ಲಿ ಪಿಎನ್‌ಜಿ ಆಗಿ ಸೇವ್ ಮಾಡಬಹುದು. ಮೊದಲು ಕೈಯಾರೆ ಕಳಿಸುತ್ತಿದ್ದೆ, ಆಮೇಲೆ ಎಂಸಿಪಿ (ಎಐಯನ್ನು ಬೇರೆ ಸಾಫ್ಟ್‌ವೇರ್‌ಗೆ ಜೋಡಿಸುವ ವ್ಯವಸ್ಥೆ) ಮೂಲಕ ಸಹಾಯಕವೇ ಚಿತ್ರ ತೆಗೆದು ನೋಡ್‌ಗಳ ನಂಬರನ್ನೂ ಓದಿಕೊಳ್ಳುವ ಹಾಗೆ ಮಾಡಿಕೊಂಡೆ. ಈ ಎರಡೂ ಒಟ್ಟಿಗೆ ಸಿಕ್ಕಾಗಲೇ ಇದರಿಂದ ನಿಜವಾದ ಉಪಯೋಗ.

ಒಂದು ಸಲ ಫೀಡ್‌ಬ್ಯಾಕ್ (ಹಿಂದಿನ ಫ್ರೇಮನ್ನೇ ಮುಂದಿನದಕ್ಕೆ ಮತ್ತೆ ಬೆರೆಸೋದು) ಹಾಕಿ ಹೊಗೆಯ ಥರ ಎಫೆಕ್ಟ್ ಮಾಡಿದ್ದೆ. ಶುರುವಾದಾಗ ಚೆಂದ, ಸ್ವಲ್ಪ ಹೊತ್ತಿಗೆ ಪರದೆ ಪೂರ್ತಿ ಬೆಳ್ಳಗೆ. ಬೇರೆ ಬೇರೆ ಹೊತ್ತಿನ ಮೂರು ಚಿತ್ರ ನೋಡಿ, ಲೆವೆಲ್‌ನಲ್ಲಿ ಬ್ರೈಟ್‌ನೆಸ್ 1.02 ಇದೆ, ಪ್ರತಿ ಫ್ರೇಮಿಗೂ ಗುಣಾಕಾರ ಆಗ್ತಿದೆ ಅಂತ ಹೇಳಿತು. ಲೆಕ್ಕ ಹಾಕಿದೆ. ಸೆಕೆಂಡಿಗೆ 60 ಫ್ರೇಮ್, ಅಂದರೆ ಒಂದೇ ಸೆಕೆಂಡಿನಲ್ಲಿ ಬೆಳಕು ಮೂರು ಪಟ್ಟು ದಾಟುತ್ತದೆ. 0.98 ಮಾಡಿದೆ, ಹೊಗೆ ಹೊಗೆಯಾಗೇ ಉಳಿಯಿತು. ಇನ್ನೊಮ್ಮೆ ಗುಂಡಗಿನ ಲೋಗೋ ಮೊಟ್ಟೆಯಾಗಿತ್ತು, ಫಿಟ್ ಟಾಪ್ ಫಿಲ್‌ನಲ್ಲಿತ್ತು, ಅಂದರೆ ಚಿತ್ರವನ್ನು ಚೌಕಟ್ಟು ತುಂಬುವಷ್ಟು ಎಳೆದುಬಿಡುತ್ತೆ. ರಾತ್ರಿ ಎರಡು ಗಂಟೆಗೆ ನನ್ನ ಕಣ್ಣಿಗೆ ಮೊಟ್ಟೆಯೂ ಗುಂಡಗೇ ಕಾಣುತ್ತೆ, ಏನ್ ಮಾಡೋದು.

ಈಗ ಬೈಗುಳದ ಸರದಿ. ಎರಡನೇ ತಿಂಗಳಲ್ಲಿ "ನೀಲಿ ಅಲೆಗಳು ನಿಧಾನವಾಗಿ ಏಳುತ್ತಿವೆ, ಚೆನ್ನಾಗಿ ಬಂದಿದೆ" ಅಂತ ಉತ್ತರ ಬಂತು. ಫೈಲ್ ತೆರೆದು ನೋಡಿದರೆ ಬರೀ ಕಪ್ಪು. ನಾನು ನೋಡ್‌ಗೆ ನೀಲಿ ಅಲೆ ಅಂತ ಹೆಸರಿಟ್ಟಿದ್ದೆ, ಅದು ಹೆಸರು ಓದಿ ಹೇಳಿಬಿಟ್ಟಿದೆ! ಅವತ್ತಿನಿಂದ "ಸರಿ ಇದೆಯಾ" ಅಂತ ಕೇಳೋದು ಬಿಟ್ಟೆ. ಏನು ಮಾಡಲು ಹೊರಟಿದ್ದೆ ಅಂತ ಬಾಯಿ ಬಿಡಲ್ಲ, ಹೊಸ ಚಾಟ್ ತೆರೆದು ಚಿತ್ರ ಮಾತ್ರ ಕೊಟ್ಟು "ಇದರಲ್ಲಿ ಏನೇನು ಕಾಣುತ್ತೆ, ಮೂಲೆಗಳಲ್ಲಿ ಏನಿದೆ" ಅಂತ ಕೇಳ್ತೀನಿ. ಉತ್ತರ ಬಂದ ಮೇಲೆ ನಂಬರ್ ತೋರಿಸ್ತೀನಿ. ತಪ್ಪು ಹೇಳೋದು ನಿಂತಿಲ್ಲ, ಆದರೆ ತುಂಬಾ ಕಡಿಮೆಯಾಗಿದೆ.

ಚಲನೆ ಅದಕ್ಕೆ ಕಾಣಲ್ಲ, ಕಾಣೋದು ನಿಂತ ಚಿತ್ರ ಮಾತ್ರ. ಒಂಬತ್ತು ಫ್ರೇಮನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಕೊಟ್ಟರೆ ಅಷ್ಟಿಷ್ಟು ಊಹಿಸುತ್ತೆ, ಮಿಣುಕು ಮಾತ್ರ ಸಿಕ್ಕಲ್ಲ. ಲೂಪ್ ಕೊನೆಯಲ್ಲಿ ಜಿಗಿಯುತ್ತಾ ಅಂತ ನೋಡೋಕೆ ಎಐ ಬೇಡವೇ ಬೇಡ, ಶುರು ಮತ್ತು ಕೊನೆಯ ಫ್ರೇಮನ್ನು ಡಿಫರೆನ್ಸ್ ಟಾಪ್‌ಗೆ ಕೊಡಿ, ಪೂರ್ತಿ ಕಪ್ಪು ಬಂದರೆ ಎರಡೂ ಒಂದೇ. ದೊಡ್ಡ ಚಿತ್ರ ಕೊಟ್ಟರೆ ಕುಗ್ಗಿಸಿಕೊಂಡು ನೋಡುತ್ತದೆ, ಸಣ್ಣ ಗೆರೆ ಮಾಯ. ನನ್ನ ಮಾಮೂಲಿ ವಾಲ್ 6 ಮೀಟರ್ ಅಗಲ, 3 ಮೀಟರ್ ಎತ್ತರ. ಅರ್ಧ ಮೀಟರಿನ ಒಂದೊಂದು ಪ್ಯಾನಲ್‌ಗೆ 128×128 ಪಿಕ್ಸೆಲ್, ಒಟ್ಟು 1536×768. ಕ್ರಾಪ್ ಮಾಡಿ ತುಂಡು ತುಂಡಾಗಿ ಕೊಡ್ತೀನಿ. ಅಂದ ಹಾಗೆ ಟಚ್‌ಡಿಸೈನರ್‌ನ ಉಚಿತ ಆವೃತ್ತಿ 1280×1280 ದಾಟಲ್ಲ, ಕಾಸಿನ ಕೆಲಸಕ್ಕೆ ಬಳಸುವ ಹಾಗೂ ಇಲ್ಲ, ಲೈಸೆನ್ಸ್ ತಗೊಳ್ಳಲೇಬೇಕು. ಚಿತ್ರ ಕಳಿಸಿದಷ್ಟೂ ಎಐ ಲಿಮಿಟ್ ಬೇಗ ಖಾಲಿಯಾಗುತ್ತೆ, ಹಾಗಾಗಿ ಪ್ರತಿ ಬದಲಾವಣೆಗೂ ತೋರಿಸೋದು ದಂಡ.

ನವೆಂಬರ್ ಒಂದರ ಕಾರ್ಯಕ್ರಮದಲ್ಲಿ ಮಾನ ಹೋಗೋದೊಂದು ಬಾಕಿ. ಕಾರ್ಯಕ್ರಮದ ಹೆಸರು ಬರೆದು ಬೇರೆಯವರು ಕಳಿಸಿದ ಚಿತ್ರದಲ್ಲಿ ಒತ್ತಕ್ಷರ ಒಡೆದು "ರಾಜ್‌ಯೋತ್‌ಸವ" ಅಂತಾಗಿತ್ತು. ನಾನು ಗಮನಿಸಲಿಲ್ಲ. ಎಐ ಅದನ್ನು ನೋಡಿ "ಕನ್ನಡ ಅಕ್ಷರಗಳು ಸ್ಪಷ್ಟವಾಗಿವೆ, ಸುಲಭವಾಗಿ ಓದಬಹುದು" ಅಂದಿತು. ರಿಹರ್ಸಲ್‌ನಲ್ಲಿ ಕೇಬಲ್ ಎಳೆಯುತ್ತಿದ್ದ ಸೌಂಡ್ ಹುಡುಗ ತಲೆ ಎತ್ತಿ "ಅಣ್ಣಾ, ಅದೇನಣ್ಣಾ ಹಂಗ್ ಬರ್ದಿದೀರ?" ಅಂದ. ಶೋಗೆ ನಲವತ್ತು ನಿಮಿಷ ಇತ್ತು.

ಚಂದಾ ಇನ್ನೂ ಕಟ್ಟುತ್ತಿದ್ದೇನೆ. ಫೀಡ್‌ಬ್ಯಾಕ್, ಬಣ್ಣ, ಅಳತೆ ಎಲ್ಲಾ ಅದಕ್ಕೇ ತೋರಿಸ್ತೀನಿ. ಕನ್ನಡ ಅಕ್ಷರ ಇರುವ ಫ್ರೇಮ್ ಮಾತ್ರ ಆ ಹುಡುಗನ ವಾಟ್ಸಾಪ್‌ಗೆ ಹೋಗುತ್ತೆ.