ಕಾಸರಗೋಡಿನಿಂದ ಹೋಗುವವರಿಗೆ ಬೆಂಗಳೂರಿನ ಎರಡನೆಯ ಟರ್ಮಿನಲ್

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯವರು ವಯಸ್ಸಾದ ತಂದೆತಾಯಿಯರನ್ನು ಮಂಗಳೂರಿನಿಂದ ನೇರ ವಿಮಾನವಿಲ್ಲದ ದೇಶಕ್ಕೆ ಕಳುಹಿಸುವುದಿದ್ದರೆ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲಿನ ಮೂಲಕ ಕಳುಹಿಸಬಹುದೆಂದು ನಾನು ಧೈರ್ಯವಾಗಿ ಹೇಳುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ವಿದೇಶಿ ವಿಮಾನಗಳ ಸೇವೆ ಇಲ್ಲಿಗೆ ಬಂತು. ಗಂಟೆಗಟ್ಟಲೆ ಕಾಯಬೇಕಾದವರಿಗೆ ಇಷ್ಟು ಹಿತವಾದ ನಿಲ್ದಾಣವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸ್ಕಿಡ್‌ಮೋರ್, ಓವಿಂಗ್ಸ್ ಆ್ಯಂಡ್ ಮೆರಿಲ್ ಸಂಸ್ಥೆ ವಿನ್ಯಾಸಗೊಳಿಸಿದ ಈ ಕಟ್ಟಡದ ಮೊದಲ ಹಂತವೇ ಸುಮಾರು 2.55 ಲಕ್ಷ ಚದರ ಮೀಟರು, ವರ್ಷಕ್ಕೆ 2.5 ಕೋಟಿ ಪ್ರಯಾಣಿಕರಿಗಾಗಿ ಕಟ್ಟಿದ್ದು. ಇಷ್ಟು ವಿಶಾಲವಾದ ಜಾಗದಲ್ಲಿ ಹೊಸಬರಿಗೆ ದಿಕ್ಕು ತಪ್ಪಿದ ಅಳುಕು ಸಹಜ. ಇಲ್ಲಿ ಹಾಗಾಗದಂತೆ ಕಾಯುವುದು ಚಾವಣಿ. ಸಂಸ್ಕರಿಸಿದ ಬಿದಿರಿನ ಪಟ್ಟಿಗಳ ಜಾಲರಿಯಿಂದ ಹಗಲಿನ ಬೆಳಕು ಸೋಸಿ ಇಳಿಯುತ್ತದೆ. ನಮ್ಮ ಹಳೆಯ ಮನೆಗಳ ನಡುಅಂಗಳದ ಬೆಳಕಿನಂತೆ ಅದು ಕಣ್ಣಿಗೆ ಚುಚ್ಚುವುದಿಲ್ಲ. ಕಂಬಗಳ ಮೈಗೂ ಬಿದಿರೇ. ಮೇಲಿನಿಂದ ಇಳಿಬಿಟ್ಟ ತೂಗುತೋಟಗಳ ಬಳ್ಳಿಗಳು ತಲೆಯ ಮೇಲೆಯೇ ಹಬ್ಬಿವೆ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸಿದ್ದು ಮುಖ್ಯ ಕಟ್ಟಡಕ್ಕೂ ಗೇಟುಗಳ ಭಾಗಕ್ಕೂ ನಡುವೆ ಬಿಟ್ಟಿರುವ ಸುಮಾರು 90 ಮೀಟರು ಅಗಲದ ವನಪಟ್ಟಿ. ತಪಾಸಣೆಯ ಸಾಲಿನಲ್ಲಿ ನಿಂತು, ಬೆಲ್ಟು ಬಿಚ್ಚಿ ಕಟ್ಟಿ, ಪಾಸ್‌ಪೋರ್ಟು ಹತ್ತು ಸಲ ಮುಟ್ಟಿ ನೋಡಿಕೊಂಡು ಬಂದವರಿಗೆ ಗಿಡಮರಗಳು ಎದುರಾಗುವುದು ಸರಿಯಾಗಿ ಬೇಕಾದ ಹೊತ್ತಿನಲ್ಲಿಯೇ. ತೋಟವನ್ನು ಮೂಲೆಯ ಅಲಂಕಾರವಾಗಿಸದೆ ನಡೆಯುವ ದಾರಿಯಲ್ಲಿಯೇ ಇಟ್ಟವರು ಪ್ರಯಾಣಿಕರ ಮನಸ್ಸನ್ನು ನಿಜವಾಗಿ ಅರಿತವರು.

ಆದರೆ ಹಸಿರು ಕಂಡ ಮಾತ್ರಕ್ಕೆ ಪರಿಸರದ ಲೆಕ್ಕ ತೀರುವುದಿಲ್ಲ. ಟರ್ಮಿನಲ್ ತೆರೆಯುವ ಮೊದಲೇ ಅದಕ್ಕೆ ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಪೂರ್ವ ಪ್ರಮಾಣಪತ್ರ ಸಿಕ್ಕಿತ್ತು, ಗಿಡಗಳಿಗೆ ಮಳೆನೀರಿನ ಸಂಗ್ರಹವೂ ಇದೆ, ಎರಡೂ ಒಳ್ಳೆಯದೇ. ಇಷ್ಟು ದೊಡ್ಡ ಕಟ್ಟಡವನ್ನು ತಂಪಾಗಿಡುವ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಮಾತ್ರ ಇನ್ನೂ ದೊಡ್ಡದು, ಮತ್ತು ಅದಕ್ಕೆ ನೆಡುಂಬಾಶ್ಶೇರಿಯ ಕೊಚ್ಚಿ ನಿಲ್ದಾಣ 2015ರಲ್ಲಿಯೇ ಉತ್ತರ ಕೊಟ್ಟಿದೆ: 12 ಮೆಗಾವಾಟ್ ಸೌರಸ್ಥಾವರದೊಂದಿಗೆ ಸಂಪೂರ್ಣ ಸೌರವಿದ್ಯುತ್ತಿನಿಂದ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣವಾಯಿತು, ಫಲಕಗಳ ನಡುವೆ ತರಕಾರಿಯನ್ನೂ ಬೆಳೆಯಿತು. ಕೊಚ್ಚಿ ನಿಲ್ದಾಣವನ್ನು ನಡೆಸುವ ಸಂಸ್ಥೆಯ ಇನ್ನೊಂದು ಸೌರಸ್ಥಾವರ ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ಪಯ್ಯನ್ನೂರಿನ ಬಳಿಯೇ 2022ರಿಂದ ಇದೆ. ಬೆಂಗಳೂರಿನ ಬಿದಿರೂ ಕೊಚ್ಚಿಯ ಬಿಸಿಲೂ ಒಂದೇ ಕಟ್ಟಡದಲ್ಲಿ ಕೂಡಬೇಕೆಂಬುದು ನನ್ನ ಆಸೆ. ಮಳೆಗೂ ಬಿಸಿಲಿಗೂ ಕೊರತೆಯಿಲ್ಲದ, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡಕ್ಕಿಂತ ಅದಕ್ಕೆ ಒಳ್ಳೆಯ ಜಾಗ ಯಾವುದಿದೆ?

ಕೊರತೆಯೆಂದರೆ ನಡಿಗೆ. ವನಪಟ್ಟಿಯನ್ನು ದಾಟಿ ಗೇಟು ಮುಟ್ಟುವಷ್ಟರಲ್ಲಿ ಮೊಣಕಾಲು ನೋವಿನವರು ಸೋತುಹೋಗುತ್ತಾರೆ. ಆದ್ದರಿಂದ ಟಿಕೆಟು ಮಾಡುವಾಗಲೇ ಗಾಲಿಕುರ್ಚಿ ಕೇಳಿಟ್ಟುಕೊಳ್ಳಬೇಕು. ಮಂಗಳೂರಿನ ವಿಮಾನ ಬೆಂಗಳೂರಿನ ಯಾವ ಟರ್ಮಿನಲ್ಲಿಗೆ ಬರುತ್ತದೆಂದು ಮೊದಲೇ ನೋಡಿಕೊಳ್ಳಿ. ಒಂದನೆಯದಕ್ಕೆ ಬರುವುದಾದರೆ ಅಲ್ಲಿಂದ ಎರಡನೆಯದಕ್ಕೆ ಹೋಗುವ ಸಮಯವನ್ನೂ ಸೇರಿಸಿಯೇ ಮುಂದಿನ ವಿಮಾನ ಗೊತ್ತುಮಾಡಬೇಕು.